ಗಾಡಿಯೇ ಮನೆ, ಹಾಗಾದರೆ ವಿಳಾಸ?

ಅಮೆರಿಕದಲ್ಲಿ ಆರ್‌ವಿಯಲ್ಲೇ (ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ) ವರ್ಷವಿಡೀ ಇರುತ್ತೀರಾ? ಆದರೂ ಲೈಸೆನ್ಸ್, ವಿಮೆ, ತೆರಿಗೆ, ಮತ ಎಲ್ಲಕ್ಕೂ ಯಾವುದಾದರೂ ಒಂದು ರಾಜ್ಯದ ವಿಳಾಸ ಬೇಕೇ ಬೇಕು.

ಜಾಸ್ತಿ ಜನ ಹೋಗುವುದು ಸೌತ್ ಡಕೋಟ, ಟೆಕ್ಸಸ್, ಫ್ಲಾರಿಡಾ ಕಡೆಗೆ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ನಾನೂ ಸುಮ್ನೆ ಅದೊಂದನ್ನೇ ನೋಡಿ ಸೌತ್ ಡಕೋಟ ಆರಿಸಿದೆ. ಆಮೇಲೆ ಅರಿಜೋನಾದಲ್ಲಿ ಮಂಡಿ ಊದಿಕೊಂಡಾಗ ಗೊತ್ತಾಯಿತು, ನನ್ನ ಆರೋಗ್ಯ ವಿಮೆ ಅಲ್ಲಿ ತುರ್ತು ಚಿಕಿತ್ಸೆಗೆ ಮಾತ್ರ. ಡಾಕ್ಟರ್ ಫೀಸು ಪೂರ್ತಿ ಕೈಯಿಂದಲೇ ಹೋಯಿತು. ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಸಿಗುವ 65 ವಯಸ್ಸು ಇನ್ನೂ ದೂರ ಇದ್ದರೆ, ಆರಿಸಬೇಕೆಂದಿರುವ ವಿಳಾಸದ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಹಾಕಿ ಯಾವ ವಿಮಾ ಪ್ಲಾನ್ ಸಿಗುತ್ತದೆ, ಬೇರೆ ರಾಜ್ಯದಲ್ಲಿ ನಡೆಯುತ್ತದೆಯೇ ಎಂದು ಮೊದಲು ನೋಡಿ. ತೆರಿಗೆ ಆಮೇಲೆ.

ಮುಂದೆ, ಆ ರಾಜ್ಯದಲ್ಲಿ ವಿಳಾಸ ಕೊಟ್ಟು, ಟಪಾಲು ಹಿಡಿದಿಟ್ಟು ನಿಮಗೆ ಕಳಿಸುವ ಸೇವೆ. ಅದಕ್ಕೆ ಅಂಚೆ ಇಲಾಖೆಯ 1583 ಫಾರ್ಮ್, ಜೊತೆಗೆ ಎರಡು ಗುರುತಿನ ದಾಖಲೆ. ಕೆಲವು ಬ್ಯಾಂಕುಗಳು ಇಂಥ ವಿಳಾಸ ಒಪ್ಪುವುದಿಲ್ಲ. ನಾವು ಅವುಗಳಿಗೆ ಮನೆ ವಿಳಾಸವಾಗಿ ನನ್ನ ಅಕ್ಕನ ಮನೆಯದ್ದನ್ನು ಕೊಟ್ಟಿದ್ದೇವೆ, ಅವಳ ಒಪ್ಪಿಗೆ ಕೇಳಿಯೇ.

ಸೌತ್ ಡಕೋಟದಲ್ಲಿ ಲೈಸೆನ್ಸಿಗೆ ಒಂದು ರಾತ್ರಿ ಅಲ್ಲಿ ತಂಗಿದ ರಸೀದಿ ತೋರಿಸಬೇಕು. ನಮ್ಮ ರಸೀದಿಯಲ್ಲಿ ಗಂಡನ ಹೆಸರು ಮಾತ್ರ ಇತ್ತು. ತಪ್ಪು ನಮ್ಮದೇ. ನನ್ನ ಹೆಸರಿಗಾಗಿ ಇನ್ನೊಂದು ರಾತ್ರಿ ಬಾಡಿಗೆ ಕಟ್ಟಿದೆವು! ಇಬ್ಬರ ಹೆಸರೂ ಬರೆಸಿಕೊಳ್ಳಿ. ಮತದಾರರ ನೋಂದಣಿಗೆ ಈ ಒಂದು ರಾತ್ರಿ ಸಾಲದು, 2023ರಲ್ಲಿ ಆ ನಿಯಮ ಬಿಗಿಯಾಗಿದೆ.

ಹಳೆಯ ರಾಜ್ಯದ ಲೈಸೆನ್ಸ್, ಮತದಾರರ ನೋಂದಣಿ, ಗಾಡಿ ನೋಂದಣಿ ಯಾವುದನ್ನೂ ಹಾಗೇ ಬಿಡಬೇಡಿ. ಬಿಟ್ಟರೆ ಅಲ್ಲಿಂದ ತೆರಿಗೆ ಕೇಳಿ ಕಾಗದ ಬರಬಹುದು.