ಕಕ್ಕೆ ಮರವನ್ನು ಬೀಜದಿಂದ ಬೆಳೆಸುವ ಕ್ರಮ

ಬೇಸಗೆಯಲ್ಲಿ ಎಲೆ ಉದುರಿಸಿಕೊಂಡು, ಏಪ್ರಿಲ್–ಮೇ ಹೊತ್ತಿಗೆ ಒಂದೆರಡು ಅಡಿ ಉದ್ದದ ಹಳದಿ ಹೂಗೊಂಚಲುಗಳನ್ನು ಇಳಿಬಿಡುವ ಕಕ್ಕೆ ನಮ್ಮ ಎಲೆ ಉದುರುವ ಕಾಡುಗಳ ಸಹಜ ಮರ. ರಸ್ತೆ ಬದಿಯ ಪೆಲ್ಟೋಫೋರಂ ಹೂವೂ ಹಳದಿಯೇ. ಆದರೆ ಅದರ ಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ, ಕಾಯಿ ಚಪ್ಪಟೆಯಾಗಿರುತ್ತದೆ. ಕಕ್ಕೆಯ ಕಾಯಿ ಕೋಲಿನಂತೆ ದುಂಡಗೆ ಉದ್ದವಾಗಿರುವುದರಿಂದ ಬೀಜ ಸಂಗ್ರಹಿಸುವವರು ಮೋಸಹೋಗುವ ಸಂಭವ ಕಡಿಮೆ.

ಪೂರ್ತಿ ಕಪ್ಪಾಗಿ ಒಣಗಿದ ಕಾಯನ್ನು ಒಡೆದರೆ ಒಳಗೆ ತೆಳುವಾದ ಅಡ್ಡಗೋಡೆಗಳೂ, ಅವುಗಳಿಗೆ ಮೆತ್ತಿಕೊಂಡಿರುವ ಅಂಟಾದ ಕಪ್ಪು ತಿರುಳೂ, ಒಂದೊಂದು ಕೋಣೆಗೆ ಒಂದೊಂದರಂತೆ ನುಣುಪಾದ ಕಂದು ಬೀಜಗಳೂ ಕಾಣುತ್ತವೆ. ತಿರುಳನ್ನು ನೀರಿನಲ್ಲಿ ತಿಕ್ಕಿ ತೊಳೆಯಬೇಕು. ಹಲವರು ಸೋಲುವುದು ಇದರ ನಂತರದ ಹಂತದಲ್ಲಿ. ಬೀಜದ ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಟ್ಟಿಯಾಗಿರುವುದರಿಂದ, ಹಾಗೆಯೇ ಬಿತ್ತಿದ ಬೀಜ ತಿಂಗಳುಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬೀಜದ ಒಂದು ಬದಿಯನ್ನು ಮರಳುಕಾಗದದ ಮೇಲೆ, ಒಳಗಿನ ಬಿಳಿಚು ಭಾಗ ಇಣುಕುವಷ್ಟು ಮಾತ್ರ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಉಬ್ಬಿರುವ ಬೀಜಗಳನ್ನು ಬಿತ್ತಿ, ಉಬ್ಬದವುಗಳನ್ನು ಮತ್ತೊಮ್ಮೆ ಉಜ್ಜುವುದು ಸರಿಯಾದ ಕ್ರಮ. ಕುದಿನೀರು ಸುರಿಯುವ ಪದ್ಧತಿಯೂ ಇದೆಯಾದರೂ ಅದರಲ್ಲಿ ಬೀಜ ಬೆಂದುಹೋಗುವ ಭಯವಿರುವುದರಿಂದ, ನಾಲ್ಕಾರು ಗಿಡ ಸಾಕೆನ್ನುವವರಿಗೆ ಉಜ್ಜುವುದೇ ಲೇಸು.

ತಾಯಿಬೇರು ಬೇಗ ಆಳಕ್ಕಿಳಿಯುವ ಕಾರಣ ಸಸಿಯನ್ನು ಉದ್ದನೆಯ ಚೀಲದಲ್ಲಿಯೇ ಬೆಳೆಸಿ, ಮುಂಗಾರು ಶುರುವಾದ ಮೇಲೆ ಬೇರು ಅಲುಗದಂತೆ ಎರಡಡಿ ಗುಂಡಿಗೆ ಇಳಿಸಬೇಕು. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಣ್ಣು ಬಡವಾದರೂ ನಡೆಯುತ್ತದೆ. ಮೊದಲ ಎರಡು ಬೇಸಗೆ ನೀರುಣಿಸಿದರೆ ಸಾಕು. ಬಲಿತ ಮರಕ್ಕೆ ಒಣಗಾಲವೇ ಹಿತ; ಹುಲ್ಲುಹಾಸಿನ ನಡುವೆ ವರ್ಷವಿಡೀ ನೀರು ಕುಡಿಯುವ ಮರದಲ್ಲಿ ಎಲೆ ಹೆಚ್ಚಿ ಹೂವು ಕಡಿಮೆಯಾಗಬಹುದು. ಬೀಜದ ಗಿಡ ಹೂಬಿಡಲು ಕೆಲವು ವರ್ಷ ಹಿಡಿಯುವುದರಿಂದ ತಾಳ್ಮೆ ಅಗತ್ಯ. ರೆಂಬೆ ಸವರುವುದಿದ್ದರೆ ಹೂವು ಮುಗಿದ ಕೂಡಲೇ ಸವರಬೇಕು.

ಆಯುರ್ವೇದದಲ್ಲಿ ಆರಗ್ವಧವೆಂದು ಹೆಸರಾದ ಇದರ ಕಾಯಿತಿರುಳು ಭೇದಿ ಮಾಡಿಸಲು ಬಳಕೆಯಾಗುವ ಔಷಧ. ವೈದ್ಯರನ್ನು ಕೇಳದೆ ಅದನ್ನು ತಿನ್ನಬಾರದು. ಕೇರಳದವರು ವಿಷು ಹಬ್ಬದ ಬೆಳಿಗ್ಗೆ ಮೊದಲು ನೋಡುವ ವಿಷುಕಣಿಗೆ ಈ ಹೂವು ಬೇಕೇ ಬೇಕು. ಗಟ್ಟಿಯಾದ ಮರ ಕೃಷಿ ಉಪಕರಣಗಳಿಗೂ, ತೊಗಟೆ ಚರ್ಮ ಹದಮಾಡುವುದಕ್ಕೂ ಒದಗುತ್ತಿತ್ತು.

ಎಳೆ ಎಲೆಗಳನ್ನು ಹಸಿರು ಕಂಬಳಿಹುಳುಗಳು ಮೇಯುವುದುಂಟು. ಅವು ತಿಳಿಹಳದಿ ಚಿಟ್ಟೆಗಳ ಮರಿಗಳು. ಗಿಡ ಮತ್ತೆ ಚಿಗುರುವುದರಿಂದ ಔಷಧಿ ಸಿಂಪಡಿಸುವ ಅಗತ್ಯವಿಲ್ಲ.