ಈಮ್ಯಾಕ್ಸ್‌ನ ಹಳೆಯ ಪ್ಯಾಕೇಜುಗಳನ್ನು ಕಳಚಿದ ಕೆಲಸ: ನನ್ನ ಅನುಭವ

ಸಾಗರದಲ್ಲಿ ಅಕ್ಷರ ಜೋಡಣೆ ಮತ್ತು ಕರಡು ತಿದ್ದುವ ಕೆಲಸ ಮಾಡುವ ನಮ್ಮ ಚಿಕ್ಕ ಗುಂಪು 2014ರಿಂದಲೂ ಈಮ್ಯಾಕ್ಸ್ ಎಂಬ ಮುಕ್ತ ತಂತ್ರಾಂಶದ ಪಠ್ಯ ಸಂಪಾದಕವನ್ನೇ ಬಳಸುತ್ತಿದೆ. ಸಹಕಾರ ಸಂಘಗಳ ವಾರ್ಷಿಕ ವರದಿ, ದೇವಸ್ಥಾನಗಳ ಸ್ಮರಣ ಸಂಚಿಕೆ, ತಾಳಮದ್ದಲೆಯ ಪ್ರಸಂಗಗಳು, ಆಗೀಗ ಒಂದು ಕವನ ಸಂಕಲನ, ಇವು ನಮ್ಮ ಕೆಲಸ. ಒಂಬತ್ತು ಕಂಪ್ಯೂಟರುಗಳಿವೆ, ಅವುಗಳಲ್ಲಿ ಎರಡು ಹೊಸನಗರ ತಾಲ್ಲೂಕಿನ ಹಳ್ಳಿಮನೆಗಳಲ್ಲಿವೆ. ಎಲ್ಲ ಕಡೆಯೂ ಒಂದೇ ರೀತಿ ಕೆಲಸ ನಡೆಯಲೆಂದು ನಾನು ಆಗ ಒಂದು ಫೋಲ್ಡರಿನಲ್ಲಿ ಬೇಕಾದ ಪ್ಯಾಕೇಜುಗಳನ್ನೆಲ್ಲ, ಅಂದರೆ ಸಂಪಾದಕಕ್ಕೆ ಹೆಚ್ಚಿನ ಸೌಲಭ್ಯ ಕೊಡುವ ಚಿಕ್ಕ ಪ್ರೋಗ್ರಾಂಗಳನ್ನೆಲ್ಲ, ತುಂಬಿ, ಈಮ್ಯಾಕ್ಸ್‌ನ ಜೊತೆಗೇ ಹಂಚಿದ್ದೆ. ಒಂಬತ್ತು ವರ್ಷಗಳಲ್ಲಿ ಆ ಫೋಲ್ಡರಿಗೆ ಸೇರಿದ್ದು ಬಹಳ, ಅದರಿಂದ ಹೊರಗೆ ಹೋದದ್ದು ಏನೂ ಇಲ್ಲ.

2023ರ ಜುಲೈ ಕೊನೆಯಲ್ಲಿ ಈಮ್ಯಾಕ್ಸ್ 29.1 ಬಂದಾಗ ಹೊಸ ಆವೃತ್ತಿಗೆ ಹೋಗಲು ಪ್ರಯತ್ನಿಸಿದೆ. ಶುರು ಮಾಡಿದೊಡನೆ ಎಚ್ಚರಿಕೆಗಳ ಸಾಲೇ ಬಂದಿತು, ಒಂದೆರಡು ಆಜ್ಞೆಗಳು ಕೆಲಸವನ್ನೇ ಮಾಡಲಿಲ್ಲ. ಹೊಸದನ್ನು ಸೇರಿಸುವ ಮೊದಲು ಹಳೆಯದನ್ನು ತೆಗೆಯಬೇಕೆಂದು ಆಗ ನಿಶ್ಚಯಿಸಿದೆ.

ಯಾವುದು ಹಳತಾಗಿದೆ ಎಂದು ತಿಳಿಯಲು ಈಮ್ಯಾಕ್ಸ್‌ನ ಮೂಲ ಆಕರದಲ್ಲೇ ಒಂದು ಒಳ್ಳೆಯ ಪದ್ಧತಿಯಿದೆ. ಬಳಕೆ ತಪ್ಪಿದ ಪ್ಯಾಕೇಜನ್ನು ಅವರು ಒಮ್ಮೆಲೇ ಅಳಿಸುವುದಿಲ್ಲ. 'ಆಬ್ಸಲೀಟ್' ಎಂಬ ಉಪಫೋಲ್ಡರಿಗೆ ಸರಿಸಿ, ಯಾವ ಆವೃತ್ತಿಯಿಂದ ಅದು ಹಳತಾಯಿತೆಂದು ದಾಖಲಿಸಿ, ಬದಲಿಗೆ ಏನನ್ನು ಬಳಸಬೇಕೆಂದು ಸುದ್ದಿ ಕಡತದಲ್ಲಿ ಬರೆಯುತ್ತಾರೆ. ನಿಜವಾಗಿ ತೆಗೆಯುವುದು ವರ್ಷಗಳ ನಂತರ. ನಮ್ಮ ಫೋಲ್ಡರಿನಲ್ಲಿದ್ದ, ಉದ್ದ ಸಾಲುಗಳನ್ನು ಪರದೆಯ ಅಗಲಕ್ಕೆ ಮಡಿಸಿ ತೋರಿಸುವ ಪ್ಯಾಕೇಜು 'ಲಾಂಗ್‌ಲೈನ್ಸ್' ಮತ್ತು ಕಡತದಿಂದ ಕಡತಕ್ಕೆ ಹಾರುವ 'ಐಸ್ವಿಚ್‌ಬಿ' ಎರಡಕ್ಕೂ 2014ರ 24.4ನೇ ಆವೃತ್ತಿಯಲ್ಲೇ ಹಳತೆಂಬ ಗುರುತು ಬಿದ್ದಿತ್ತು. ಸಾಲುಗಳ ಸಂಖ್ಯೆ ತೋರಿಸುವ 'ಲೈನಮ್' ಹಳತೆಂದು ಗುರುತಾದದ್ದು 29.1ರಲ್ಲಿ, ಆದರೆ ಅದೇ ಕೆಲಸವನ್ನು ಇನ್ನೂ ವೇಗವಾಗಿ ಮಾಡುವ ಸೌಲಭ್ಯ 2018ರ 26.1ರಿಂದಲೇ ಸಂಪಾದಕದ ಒಳಭಾಗದಲ್ಲಿ ಸಿದ್ಧವಾಗಿತ್ತು.

ಈ ಪಟ್ಟಿಗೆ ಸಿಕ್ಕದ ಇನ್ನೊಂದು ಬಗೆಯ ಹಳತಿದೆ, ಅದು ಹೆಚ್ಚು ಅಪಾಯಕಾರಿ. ಈಮ್ಯಾಕ್ಸ್‌ನಲ್ಲಿ ಈಗಾಗಲೇ ಇರುವ ಪ್ಯಾಕೇಜಿನ ಹಳೆಯ ಪ್ರತಿಯೊಂದು ನಮ್ಮ ಫೋಲ್ಡರಿನಲ್ಲಿಯೂ ಇದ್ದರೆ, ಹುಡುಕುವ ದಾರಿಯಲ್ಲಿ ಅದು ಮೊದಲು ಸಿಕ್ಕಿ ಹೊಸದನ್ನು ಮರೆಮಾಡುತ್ತದೆ. ಟಿಪ್ಪಣಿ, ಕೆಲಸಗಳ ಪಟ್ಟಿ ಬರೆಯಲೆಂದು ನಾವು 2014ರಲ್ಲಿ ಹಾಕಿದ 'ಆರ್ಗ್' ಪ್ಯಾಕೇಜು ಹೀಗೆಯೇ ಹೊಸ 'ಆರ್ಗ್'ನ ಮುಂದೆ ನಿಂತಿತ್ತು; ಅರ್ಧ ಭಾಗ ಹಳೆಯ ಪ್ರತಿಯಿಂದ, ಅರ್ಧ ಭಾಗ ಹೊಸದರಿಂದ ಬಂದು ಏನೇನೋ ದೋಷಗಳು ಕಾಣುತ್ತಿದ್ದವು. ಇಂಥ ಮರೆಗಳನ್ನೆಲ್ಲ ಪಟ್ಟಿ ಮಾಡಿಕೊಡುವ ಆಜ್ಞೆ ಈಮ್ಯಾಕ್ಸ್‌ನಲ್ಲೇ ಇದೆ, ಅದರ ಹೆಸರು 'ಲಿಸ್ಟ್-ಲೋಡ್-ಪಾತ್-ಶ್ಯಾಡೋಸ್'. ಕೆಲಸಕ್ಕೆ ಕೈ ಹಾಕುವವರು ಮೊದಲು ಇದನ್ನು ಓಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅದರ ಜೊತೆಗೆ ಇನ್ನೊಂದು ಮಾತು: ಮೂಲ ಕಡತವನ್ನು ಅಳಿಸಿ ಅದರ ಕಂಪೈಲ್ ಆದ (ಕಂಪ್ಯೂಟರು ಬೇಗ ಓದುವಂತೆ ಮಾರ್ಪಡಿಸಿದ) ಕಡತವನ್ನು ಉಳಿಸಿದರೆ ಪ್ಯಾಕೇಜು ಹೋಗಿರುವುದಿಲ್ಲ, ಕಂಪೈಲ್ ಆದದ್ದೇ ಲೋಡ್ ಆಗುತ್ತಿರುತ್ತದೆ. ತೆಗೆದೆನೆಂದು ನಂಬಿದ್ದ ಒಂದು ಪ್ಯಾಕೇಜು ಎರಡು ಕಂಪ್ಯೂಟರುಗಳಲ್ಲಿ ಹೀಗೆ ತಿಂಗಳುಗಟ್ಟಲೆ ಓಡುತ್ತಿತ್ತು.

ಮುಂದಿನ ಪ್ರಶ್ನೆ, ಯಾವುದನ್ನು ಯಾರು ಬಳಸುತ್ತಿದ್ದಾರೆ ಎಂಬುದು. ಪ್ರತಿಯೊಬ್ಬರ ಈಮ್ಯಾಕ್ಸ್ ಹೊಂದಿಕೆಗಳಿರುವ ಸಂರಚನಾ ಕಡತಗಳಲ್ಲಿ ಹೆಸರು ಹುಡುಕಿದರೆ ಸಾಕೆಂದು ನಾನು ಎಣಿಸಿದ್ದೆ. ಲಾಂಗ್‌ಲೈನ್ಸ್ ಎಲ್ಲಿಯೂ ಕಾಣಲಿಲ್ಲ, ಆದ್ದರಿಂದ ತೆಗೆದೆ. ಮರುದಿನವೇ ಹಳೆಯ ಸ್ಮರಣ ಸಂಚಿಕೆಯ ಲೇಖನಗಳನ್ನು ತೆರೆದವರಿಗೆಲ್ಲ ದೋಷದ ಸಂದೇಶ ಬಂದಿತು. ಈಮ್ಯಾಕ್ಸ್‌ನಲ್ಲಿ ಪಠ್ಯ ಕಡತದ ಕೊನೆಯಲ್ಲಿಯೇ ಕೆಲವು ಸಾಲು ಬರೆದು, ಈ ಕಡತವನ್ನು ತೆರೆಯುವಾಗ ಇಂಥ ಮೋಡ್ (ಕೆಲಸದ ರೀತಿ) ಹಾಕು ಎಂದು ಸೂಚಿಸಬಹುದು. ನೂರಾರು ಲೇಖನಗಳ ಬಾಲದಲ್ಲಿ ಲಾಂಗ್‌ಲೈನ್ಸ್ ಹೆಸರು ಕುಳಿತಿತ್ತು. ಅಂದರೆ ಪ್ಯಾಕೇಜನ್ನು ಕರೆಯುತ್ತಿದ್ದದ್ದು ಪ್ರೋಗ್ರಾಂ ಅಲ್ಲ, ನಾವು ಕಾಪಿಟ್ಟ ಬರಹಗಳು. ಅದನ್ನು ಮರಳಿ ಸೇರಿಸಿ, ಆ ಸಾಲುಗಳನ್ನೆಲ್ಲ ಹುಡುಕಿ ಅದರ ಬದಲಿಯಾದ 'ವಿಷುವಲ್-ಲೈನ್' ಎಂದು ಬದಲಿಸಿ, ಪ್ರತಿ ಕಡತದ ಹಳೆಯ ಪ್ರತಿಯನ್ನು ಬೇರೆ ತೆಗೆದಿಟ್ಟು, ಆಮೇಲೆ ಮತ್ತೆ ತೆಗೆದೆ. ಅಂದಿನಿಂದ ನಾನು ಹುಡುಕುವುದು ಸಂರಚನೆಯಲ್ಲಿ ಅಲ್ಲ, ಮೊದಲು ಪಠ್ಯಗಳ ಸಂಗ್ರಹದಲ್ಲಿ.

ಉಳಿದವುಗಳಿಗೆ ಬೇರೊಂದು ಉಪಾಯ ಮಾಡಿದೆ. ಸಂದೇಹವಿದ್ದ ಪ್ರತಿಯೊಂದು ಪ್ಯಾಕೇಜಿನ ತಲೆಯಲ್ಲಿ, ತಾನು ಲೋಡ್ ಆದ ದಿನಾಂಕವನ್ನು ಅದೇ ಕಂಪ್ಯೂಟರಿನ ಒಂದು ಕಡತದಲ್ಲಿ ಬರೆದಿಡುವಂತೆ ಒಂದು ಸಾಲು ಸೇರಿಸಿದೆ. ಆ ದಾಖಲೆ ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರಿಗೂ ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ದೀಪಾವಳಿಯ ನಂತರ ಮನೆಮನೆಗೆ ಹೋಗಿ ಅವರ ಎದುರಿಗೇ ತೆರೆದು ನೋಡಿದೆ.

ಲೈನಮ್ ವಿಷಯದಲ್ಲಿ ನಾನು ಅವಸರ ಮಾಡಿದೆ. ಬದಲಿ ಸೌಲಭ್ಯ ಇದೆಯಲ್ಲ ಎಂದು ತೆಗೆದುಬಿಟ್ಟೆ, ಆದರೆ ಅದನ್ನು ತಾನಾಗಿ ಆನ್ ಆಗುವಂತೆ ಮಾಡಿರಲಿಲ್ಲ. ಕರಡು ತಿದ್ದುವ ಹಿರಿಯರೊಬ್ಬರು ಫೋನು ಮಾಡಿ, "ನಂಬರೇ ಕಾಣ್ತಾ ಇಲ್ಲ ಮಾರಾಯ, ಎಷ್ಟನೇ ಸಾಲು ಅಂತ ಅವಳಿಗೆ ಹೇಗೆ ಹೇಳೋದು?" ಎಂದು ಕೇಳಿದರು. ಅವರು ತಪ್ಪುಗಳನ್ನು ಅಕ್ಷರ ಜೋಡಿಸುವವಳಿಗೆ ಫೋನಿನಲ್ಲಿ ಸಾಲಿನ ಸಂಖ್ಯೆ ಹಿಡಿದೇ ಓದಿ ಹೇಳುತ್ತಾರೆ. ಆ ಸಂಖ್ಯೆ ಇಲ್ಲದೆ ಅವರ ಇಡೀ ಬೆಳಗಿನ ಕೆಲಸ ನಿಂತಿತ್ತು. ಹಳೆಯ ಆಜ್ಞೆಯ ಹೆಸರನ್ನು ಹೊಸದಕ್ಕೆ ಜೋಡಿಸುವ ಸೌಲಭ್ಯ ಈಮ್ಯಾಕ್ಸ್‌ನಲ್ಲಿದೆ. ಹಳೆಯ ಹೆಸರನ್ನೇ ಒತ್ತಿದರೂ ಹೊಸದು ನಡೆಯುತ್ತದೆ, ಯಾವ ಆವೃತ್ತಿಯಿಂದ ಬದಲಾಯಿತೆಂಬುದೂ ಅದರಲ್ಲಿ ದಾಖಲಾಗಿರುತ್ತದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಅಂದು ಸಂಜೆ ಮಾಡಿದೆ, ಐಸ್ವಿಚ್‌ಬಿಗೂ ಹಾಗೆಯೇ ಮಾಡಿದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಿಂದ ಯೂನಿಕೋಡ್‌ಗೆ ಪಠ್ಯವನ್ನು ತರುವ ನಮ್ಮ ಪರಿವರ್ತಕ. ಅದು 'ಸಿಎಲ್' ಎಂಬ, ಸಿದ್ಧ ಫಂಕ್ಷನ್‌ಗಳ (ಪ್ರೋಗ್ರಾಂನ ಚಿಕ್ಕ ಘಟಕಗಳ) ಹಳೆಯ ಸಂಗ್ರಹವನ್ನು ನೆಚ್ಚಿಕೊಂಡಿತ್ತು. 2013ರ 24.3ನೇ ಆವೃತ್ತಿಯಲ್ಲೇ ಅದಕ್ಕೆ ಬದಲಾಗಿ 'ಸಿಎಲ್-ಲಿಬ್' ಬಂದಿದೆ, 2020ರ 27.1ರಿಂದ ಹಳೆಯದು ಅಧಿಕೃತವಾಗಿ ಹಳತಾಗಿದೆ. ಹೆಚ್ಚಿನ ಕಡೆ ಹೆಸರಿನ ಮುಂದೆ 'ಸಿಎಲ್' ಸೇರಿಸಿದರೆ ಮುಗಿಯುತ್ತದೆ, ಹಾಗಾಗಿ ನಾನು ಎಲ್ಲ ಕಡೆಯೂ ಹಾಗೆಯೇ ಸೇರಿಸಿದೆ. ದೋಷವೇನೂ ಬರಲಿಲ್ಲ. ಆದರೆ ಪರಿವರ್ತಿಸಿದ ವರದಿಯಲ್ಲಿ 'ಧರ್ಮ' ಎಂಬುದು 'ಧಮರ್' ಎಂದೂ 'ಕರ್ನಾಟಕ' ಎಂಬುದು 'ಕನಾರ್ಟಕ' ಎಂದೂ ಆಗಿತ್ತು.

ಕಾರಣ ಹೀಗೆ. ನುಡಿಯ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆಯೇ ಅಕ್ಷರದ ನಂತರ ಸಂಗ್ರಹವಾಗುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಆ ಸ್ಥಾನಪಲ್ಲಟಕ್ಕೆಂದು ನಮ್ಮ ಪರಿವರ್ತಕ 'ಫ್ಲೆಟ್' ಬಳಸಿ ಒಂದು ಫಂಕ್ಷನ್ನನ್ನು ತಾತ್ಕಾಲಿಕವಾಗಿ ಬದಲಿಸುತ್ತಿತ್ತು. ಹಳೆಯ ಫ್ಲೆಟ್ ಮಾಡಿದ ಬದಲಾವಣೆ ಒಳಗೆ ಕರೆಯಲ್ಪಡುವ ಬೇರೆ ಫಂಕ್ಷನ್‌ಗಳಿಗೂ ತಲುಪುತ್ತಿತ್ತು. ಹೊಸ 'ಸಿಎಲ್-ಫ್ಲೆಟ್' ತನ್ನ ಆವರಣದೊಳಗೆ ಕಣ್ಣಿಗೆ ಕಾಣುವ ಕರೆಗಳನ್ನು ಮಾತ್ರ ಬದಲಿಸುತ್ತದೆ. ಹೆಸರು ಹತ್ತಿರದ್ದಾದರೂ ನಡತೆ ಬೇರೆ. ಅಲ್ಲಿ ಬೇಕಾಗಿದ್ದದ್ದು ಹಳೆಯ ಫ್ಲೆಟ್‌ನಂತೆಯೇ ಒಳಗಿನ ಕರೆಗಳಿಗೂ ತಲುಪುವ 'ಸಿಎಲ್-ಲೆಟ್‌ಎಫ್'. ಅದನ್ನು ಹಾಕಿದ ಮೇಲೆ ಅರ್ಕಾವತ್ತು ತನ್ನ ಜಾಗಕ್ಕೆ ಬಂದಿತು. ಎಚ್ಚರಿಕೆ ನಿಂತಿತೆಂದ ಮಾತ್ರಕ್ಕೆ ಕೆಲಸ ಸರಿಯಾಯಿತೆಂದು ತಿಳಿಯಬಾರದೆಂದು ಆಗ ಮನಗಂಡು, ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳ ಒಂದು ಪರೀಕ್ಷಾ ಕಡತ ಬರೆದೆ. ಧರ್ಮ, ಕಾರ್ಯ, ಕರ್ನಾಟಕ, ವರ್ಷಧಾರೆ, ತೀರ್ಥಹಳ್ಳಿ ಅದರಲ್ಲಿವೆ.

ತೆಗೆದ ಪ್ಯಾಕೇಜು ಮತ್ತೆ ಬೇಕೆನಿಸಿದವರು ಏನು ಮಾಡಬೇಕು? 2012ರ 24.1ರಿಂದ ಈಮ್ಯಾಕ್ಸ್‌ಗೆ ಪ್ಯಾಕೇಜು ನಿರ್ವಾಹಕವಿದೆ, ಬೇಕಾದದ್ದನ್ನು ಜಾಲದಿಂದ ಪಡೆಯಬಹುದು ಎಂಬುದು ಸಾಮಾನ್ಯ ಉತ್ತರ. ಮಲೆನಾಡಿನ ಮಳೆಗಾಲಕ್ಕೆ ಆ ಉತ್ತರ ಸಾಲದು. ಹೊಸನಗರದ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟು, ಇಂಟರ್ನೆಟ್ ಎರಡೂ ದಿನಗಟ್ಟಲೆ ಇರುವುದಿಲ್ಲ. ಕರೆಂಟು ಮೊದಲು ಬರುತ್ತದೆ, ಇಂಟರ್ನೆಟ್ ಆಮೇಲೆ. ಪ್ಯಾಕೇಜುಗಳ ಭಂಡಾರದ ವಿಳಾಸವಾಗಿ ನಮ್ಮದೇ ಕಂಪ್ಯೂಟರಿನ ಫೋಲ್ಡರನ್ನೂ ಕೊಡಬಹುದಾದ್ದರಿಂದ, ತೆಗೆದವುಗಳನ್ನೆಲ್ಲ ಒಂದು ಸ್ಥಳೀಯ ಭಂಡಾರವಾಗಿ ಜೋಡಿಸಿ ಪ್ರತಿ ಕಂಪ್ಯೂಟರಿನಲ್ಲಿ ಇಟ್ಟೆ. ತಾನಾಗಿ ಲೋಡ್ ಆಗುವುದಿಲ್ಲ, ಬೇಕಾದರೆ ಜಾಲವಿಲ್ಲದೆಯೇ ಸಿಗುತ್ತದೆ.

2024ರ ಜನವರಿಯಿಂದ ಒಂದು ವರ್ಷ ಉಳಿದ ಹಳೆಯ ಪ್ಯಾಕೇಜುಗಳಿಗೆ ಎಚ್ಚರಿಕೆಗಳನ್ನು ಮಾತ್ರ ಇಟ್ಟು, 2025ರ ಜನವರಿಯಲ್ಲಿ ಉಳಿದವನ್ನು ತೆಗೆದೆ. ಒಂದು ಪೂರ್ತಿ ವರ್ಷ ಬೇಕೆಂದದ್ದಕ್ಕೆ ಕಾರಣವಿದೆ: ಸಹಕಾರ ಸಂಘಗಳ ವರದಿಯ ಕೆಲಸ ವರ್ಷಕ್ಕೊಮ್ಮೆ ಬರುತ್ತದೆ, ಆ ಕೋಷ್ಟಕಗಳಿಗೆಂದೇ ಇದ್ದ ಒಂದು ಪ್ಯಾಕೇಜು ಉಳಿದ ತಿಂಗಳುಗಳಲ್ಲಿ ಸತ್ತಂತೆಯೇ ಕಾಣುತ್ತದೆ. ನನ್ನ ದಾಖಲೆಯಲ್ಲಿ ಅದರ ಹೆಸರು ಬಂದದ್ದು ಆಗಸ್ಟ್ ತಿಂಗಳಿನಲ್ಲಿ ಮಾತ್ರ. ಅದನ್ನು ಉಳಿಸಿಕೊಂಡೆ. ಪರಿವರ್ತಕವನ್ನೂ ಉಳಿಸಿಕೊಂಡಿದ್ದೇನೆ, ಏಕೆಂದರೆ ನುಡಿಯಲ್ಲಿ ಟೈಪಾದ ಹಸ್ತಪ್ರತಿಗಳು ಪೆನ್‌ಡ್ರೈವಿನಲ್ಲಿ ಇಂದಿಗೂ ಬರುತ್ತಿವೆ. ಕಳೆದ ವಾರ ಬಂದ ಪ್ರಸಂಗವೊಂದರಲ್ಲಿ ಸಿಕ್ಕ 'ನಿರ್ಗಮನ'ವನ್ನು ಪರೀಕ್ಷಾ ಕಡತಕ್ಕೆ ಸೇರಿಸಿದೆ.