ಫೋಟೊ ಎಡಿಟಿಂಗ್‌ಗೆ ಮಾನಿಟರ್ ಕೊಳ್ಳುವ ಮುಂಚೆ

ಫೋಟೊ ಎಡಿಟಿಂಗ್‌ಗೆ ಅಂತ ಮಾನಿಟರ್ ಹುಡುಕುತ್ತಿದ್ದರೆ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ವೇಗ), ಬಾಗಿದ ಸ್ಕ್ರೀನ್ ಇವಕ್ಕೆಲ್ಲ ಸುಮ್ನೆ ದುಡ್ಡು ಸುರಿಯಬೇಡಿ, ಅದು ಗೇಮ್ ಆಡುವವರಿಗೆ. ಮೊದಲು ಪ್ಯಾನೆಲ್ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆ) ಹೌದಾ ನೋಡಿ. ಟಿಎನ್ ಅನ್ನುವ ಇನ್ನೊಂದು ಬಗೆಯ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ಬಗ್ಗಿಸಿದರೂ ನೆರಳಿನ ಭಾಗ ಬೇರೆಯೇ ಥರ ಕಾಣುತ್ತದೆ, ಯಾವುದನ್ನು ನಂಬಿ ಎಡಿಟ್ ಮಾಡೋದು?

ಆಮೇಲೆ ಬಣ್ಣ. ಎಸ್‌ಆರ್‌ಜಿಬಿ (ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣಗಳ ವ್ಯಾಪ್ತಿ) 100% ಹತ್ತಿರ ಇರಲೇಬೇಕು. ಕೆಲವರು ಎನ್‌ಟಿಎಸ್‌ಸಿ (ಹಳೆ ಟಿವಿ ಕಾಲದ ಬಣ್ಣದ ಅಳತೆ) ಲೆಕ್ಕ ಮಾತ್ರ ಕೊಟ್ಟಿರುತ್ತಾರೆ. 72% ಅಂದರೆ ಹೆಚ್ಚುಕಮ್ಮಿ ಪೂರ್ತಿ ಎಸ್‌ಆರ್‌ಜಿಬಿ ಅಂತ ಹಿಡಿಯಬಹುದು, 45% ಅಂತಿದ್ದರೆ ಮುಟ್ಟಲೇಬೇಡಿ. ಕೆಂಪು, ಹಸಿರು ಎಲ್ಲಾ ಪೇಲವವಾಗಿ ಕಾಣುತ್ತದೆ, ನೀವು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುತ್ತಾ ಹೋಗುತ್ತೀರಿ, ಕೊನೆಗೆ ಅದೇ ಫೋಟೊ ಫೋನಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇದಕ್ಕಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಬೇಕಾಗುವುದು ಒಳ್ಳೆ ಪ್ರಿಂಟ್ ತೆಗೆಸುವವರಿಗೆ. ಬರೀ ಆನ್‌ಲೈನ್‌ನಲ್ಲಿ ಹಾಕುವವರಿಗೆ ಅದು ದಂಡ.

27 ಇಂಚಿನದಾದರೆ 2560×1440 ರೆಸಲ್ಯೂಶನ್ ಇರಲಿ. 1080ಪಿ (1920×1080) ಆದರೆ ಶಾರ್ಪನಿಂಗ್ (ಅಂಚುಗಳನ್ನು ಚೂಪು ಮಾಡೋದು) ಜಾಸ್ತಿ ಆಯಿತಾ ಇಲ್ಲವಾ ಅಂತ ಸರಿಯಾಗಿ ಗೊತ್ತಾಗಲ್ಲ.

ತಂದ ಮೇಲೆ ಮೊದಲು ಬ್ರೈಟ್‌ನೆಸ್ ಇಳಿಸಿ. ಬಾಕ್ಸ್‌ನಿಂದ ತೆಗೆದಾಗ ಸಾಮಾನ್ಯವಾಗಿ ಜಾಸ್ತಿನೇ ಇರುತ್ತದೆ, ಪ್ರಿಂಟ್ ಕಪ್ಪಾಗಿ ಬಂತು ಅಂತ ಎಷ್ಟೋ ಜನ ಗೊಣಗುವುದು ಇದರಿಂದಲೇ. 100–120 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ) ಸಾಕು, ಬಿಳಿ ಬಣ್ಣದ ಸೆಟ್ಟಿಂಗ್ 6500 ಕೆಲ್ವಿನ್ ಇರಲಿ. ದುಡ್ಡು ಉಳಿದರೆ ಕ್ಯಾಲಿಬ್ರೇಟರ್ (ಸ್ಕ್ರೀನಿನ ಬಣ್ಣ ಅಳೆದು ಸರಿಪಡಿಸುವ ಉಪಕರಣ) ತೊಗೊಳ್ಳಿ, ಇಲ್ಲ ಗೆಳೆಯರ ಹತ್ತಿರ ಇದ್ದರೆ ಇಸ್ಕೊಂಡು ಆಗಾಗ ಓಡಿಸಿ.